ಯಾರೂ ಇಳಿಯದ ಸ್ಟಾಪಿಗೆ ಹೆಸರಿಟ್ಟ ಜಯಣ್ಣ

ಜಯಣ್ಣ ಬಸ್ಸಿನೊಳಗೆ ನಡೆಯುತ್ತಿರಲಿಲ್ಲ, ಈಜುತ್ತಿದ್ದ. ಬೆಳಗಿನ ಟ್ರಿಪ್ಪಿನಲ್ಲಿ ಶಿವಮೊಗ್ಗ ಬಿಡುವಾಗಲೇ ನಮ್ಮ ಬಸ್ಸಿನ ಬಾಗಿಲಲ್ಲಿ ಜನ ಜೋತು ಬಿದ್ದಿರುತ್ತಿದ್ದರು. ಚರ್ಮದ ಬ್ಯಾಗನ್ನು ತಲೆಯ ಮಟ್ಟಕ್ಕೆ ಎತ್ತಿ, ಒಂದು ಭುಜ ಮುಂದೆ ಮಾಡಿ, ಹೊಟ್ಟೆ ಒಳಕ್ಕೆ ಎಳೆದುಕೊಂಡು ಅವನು ಆ ಜನದೊಳಗೆ ಇಳಿದನೆಂದರೆ ಆಮೇಲೆ ಕಾಣಿಸುತ್ತಿದ್ದುದು ಹಿಂದಿನ ಸೀಟಿನ ಹತ್ತಿರವೇ. ಮೊದಲು ಬೋಳುತಲೆ ಮೇಲೆ ಬರುತ್ತಿತ್ತು, ಆಮೇಲೆ ಕನ್ನಡಕ, ಆಮೇಲೆ ಬ್ಯಾಗು. ನಾನು ಡ್ರೈವರ್. ಶಿವಮೊಗ್ಗ-ಭದ್ರಾವತಿ ರಸ್ತೆಯಲ್ಲಿ ಕನ್ನಡಿಯೊಳಗೆ ಆ ತಲೆ ಮುಳುಗುವುದನ್ನೂ ಏಳುವುದನ್ನೂ ನೋಡುತ್ತಲೇ ನನ್ನ ಸರ್ವಿಸಿನ ಬಹುಪಾಲು ಕಳೆಯಿತು.

ಬೇರೆ ಕಂಡಕ್ಟರುಗಳು ಗಂಟಲು ಹರಿದುಕೊಂಡು ಜನರನ್ನು ಒಳಗೆ ತಳ್ಳುತ್ತಾರೆ. ಜಯಣ್ಣ ತಳ್ಳುತ್ತಿರಲಿಲ್ಲ. ಕಾಲೇಜು ಹುಡುಗನಿಗೆ, "ಸ್ವಾಮಿಗಳೇ, ಒಳಗಡೆ ಅಷ್ಟು ಜಾಗ ಇದೆ, ಬಾಗಿಲಿಗೆ ಯಾಕೆ ಕಾವಲು ನಿಂತಿದೀರಿ" ಅನ್ನುತ್ತಿದ್ದ. ಮುದುಕಿಯರಿಗೆ ತಾಯಿ, ಫ್ಯಾಕ್ಟರಿ ಕಡೆಯ ಗಂಡಸರಿಗೆ ಮಾರಾಯ, ಕುಡಿದು ಬಂದವನಿಗೆ ದೇವರು. ಎಲ್ಲರೂ ಸರಿದುಕೊಳ್ಳುತ್ತಿದ್ದರು. ಒಂದು ಸಲ ಎಷ್ಟು ಚೆನ್ನಾಗಿ ಒಳಗೆ ಸೇರಿಸಿದನೆಂದರೆ ನಿದಿಗೆಯಲ್ಲಿ ಇಳಿಯಬೇಕಾಗಿದ್ದ ಗಂಡ ಹೆಂಡತಿ ಬಾಗಿಲಿಗೆ ಬರಲಾಗದೆ ಭದ್ರಾವತಿಯವರೆಗೆ ಬಂದುಬಿಟ್ಟರು. ಗಂಡ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಜಯಣ್ಣ ಇಬ್ಬರಿಗೂ ಸ್ಟ್ಯಾಂಡಿನಲ್ಲಿ ಟೀ ಕುಡಿಸಿ, ವಾಪಸ್ ಟ್ರಿಪ್ಪಿನಲ್ಲಿ ನನ್ನ ಹಿಂದಿನ ಸೀಟಿನಲ್ಲೇ ಕೂರಿಸಿ ಕರೆತಂದ. ಇಳಿಯುವಾಗ ಆ ಹೆಂಗಸು ನಗುತ್ತಿದ್ದಳು.

ಆಲ್ಕೊಳದಿಂದ ಬಂದು ನಮ್ಮ ಬಸ್ಸು ಹತ್ತುತ್ತಿದ್ದ ಒಬ್ಬರು ಮೇಡಂ ಇದ್ದರು. ಭದ್ರಾವತಿಯ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದರು. ಒಂದು ದಿನ ಅವರೇ ಬಾಗಿಲ ಹತ್ತಿರ ಸಿಕ್ಕಿಕೊಂಡಾಗ ಜಯಣ್ಣ ತನ್ನ ಮಂತ್ರ ಶುರು ಮಾಡಿದ. ಮೇಡಂ ನಕ್ಕು, ನಿಮ್ಮ ಬಸ್ಸಿನ ಕತೆ ಇರಲಿ, ಇಡೀ ಭೂಮಿಯ ಕತೆಯೇ ಹೀಗೆ ಅಂದರು. ನೆಲ ಅಂತ ಎಷ್ಟಿದೆಯೋ ಅದರಲ್ಲಿ ಜನ ಮನೆ ಕಟ್ಟಿಕೊಂಡು ಇರುವುದು ಸ್ವಲ್ಪ ಭಾಗದಲ್ಲಿ ಮಾತ್ರವಂತೆ. ಹೊಳೆ ಪಕ್ಕ, ಸಮುದ್ರದ ಪಕ್ಕ, ಬಯಲಿನಲ್ಲಿ ಒಬ್ಬರ ಮೇಲೊಬ್ಬರು ತುಂಬಿಕೊಂಡಿದ್ದಾರಂತೆ. ಉಳಿದಿದ್ದರಲ್ಲಿ ಬಹಳಷ್ಟು ಹಾಗೇ ಬಿದ್ದಿದೆಯಂತೆ.

ಜಯಣ್ಣ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಕೇಳಿದ. ಆಮೇಲೆ ಅಂದ: "ಅಂದ್ರೆ ಮೇಡಂ, ಅಲ್ಲೂ ಎಲ್ರೂ ಡೋರಲ್ಲೇ ನಿಂತ್ಕೊಂಡಿದಾರೆ ಅನ್ನಿ."

ಅವತ್ತಿನಿಂದ ಅವನಿಗೆ ಅದೇ ಹುಚ್ಚು. ಬಾಡಿಗೆ ಜಾಸ್ತಿ ಆಯಿತು ಅಂತ ಯಾರಾದರೂ ಗೊಣಗಿದರೆ ಸಾಕು, ಭೂಮಿ ಪೂರಾ ಖಾಲಿ ಇದೆ ಮಾರಾಯ, ನೀನು ಹೋಗಿ ಹೋಗಿ ಆ ಗಲ್ಲಿಯಲ್ಲೇ ಯಾಕೆ ಉಸಿರು ಕಟ್ಟಿಕೊಂಡು ಬಿದ್ದಿದೀಯ ಅಂತ ಭಾಷಣ. ಮೇಡಂಗೆ ತಾವು ಹೇಳಿದ ಪಾಠ ಹೀಗೆ ದಿಕ್ಕು ತಪ್ಪಿದ್ದು ನೋಡಿ ಸಂಕಟ. ಮಳೆಗಾಲದ ಒಂದು ಬೆಳಿಗ್ಗೆ ಅವನನ್ನು ಹಿಡಿದು ನಿಲ್ಲಿಸಿದರು. ಬಸ್ಸು ತುಂಬಿತ್ತು, ಹಿಂದಿನ ಚಕ್ರದ ಮೇಲಿನ ಸೀಟು ಮಾತ್ರ ಖಾಲಿ. ಅದರ ಮೇಲೆ ಟಪಟಪ ನೀರು ಬೀಳುತ್ತಿತ್ತು.

"ಆ ಸೀಟು ಯಾಕೆ ಖಾಲಿ ಇದೆ ಜಯಣ್ಣ?"

"ಸೋರುತ್ತಲ್ಲ ಮೇಡಂ."

"ಭೂಮಿಯಲ್ಲಿ ಖಾಲಿ ಇರೋ ಕಡೆನೂ ಹಂಗೇ. ಎಲ್ಲೋ ನೀರಿಲ್ಲ, ಎಲ್ಲೋ ಬರೀ ಹಿಮ, ಎಲ್ಲೋ ಕಲ್ಲು. ಜನ ದಡ್ಡರಾಗಿ ಬಿಟ್ಟಿರೋದಲ್ಲ."

ಇಡೀ ಬಸ್ಸು ನಕ್ಕಿತು. ಜಯಣ್ಣ ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆದರೆ ಆ ಸಂಜೆ ಶೆಡ್ಡಿನಲ್ಲಿ ಏಣಿ ಹಾಕಿಕೊಂಡು ಬಸ್ಸಿನ ಮೇಲೆ ಹತ್ತಿ ಟಾರು ಬಳಿಯುತ್ತಿದ್ದ. ಬೆಳಿಗ್ಗೆ ಆ ಸೀಟಿನ ಮೇಲೆ ಮೇಡಂ ಕೂತರು.

ನನ್ನ ವಿಷಯಕ್ಕೆ ಬರುತ್ತೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಲಾರಿ ತೊಳೆದು, ಟಯರು ಬಿಚ್ಚಿ, ಸ್ಟೇರಿಂಗ್ ಹಿಡಿಯುವ ಮಟ್ಟಕ್ಕೆ ಬಂದವನು. ಯಾರ ಹತ್ತಿರವೂ ಕೈಚಾಚಿದವನಲ್ಲ. ಹಳೇ ಭದ್ರಾವತಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಮನೆಯ ಯಜಮಾನಿ ಮೊಳೆ ಹೊಡೆಯಲೂ ಬಿಡುತ್ತಿರಲಿಲ್ಲ, ಮಗುವಿನ ತೊಟ್ಟಿಲು ಕಟ್ಟಲು ಜಾಗ ಇರಲಿಲ್ಲ. ನನ್ನ ಹೆಂಡತಿ ಸರೋಜ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ಅಡುಗೆ ಮಾಡುತ್ತಿದ್ದಳು. ಸ್ವಂತ ಮನೆ ಕಟ್ಟಬೇಕು ಅಂತ ಹಠ ಹುಟ್ಟಿದ್ದು ಆವಾಗ. ಊರೊಳಗೆ ಸೈಟಿನ ಮಾತೆತ್ತುವ ಹಾಗಿರಲಿಲ್ಲ. ನಿದಿಗೆ ದಾಟಿ ಮುಂದೆ ಬಂದರೆ ರಸ್ತೆಯ ಬಲಕ್ಕೆ ಒಂದು ಕಲ್ಲುಬೋರೆ, ಜಾಲಿಮುಳ್ಳು ಬಿಟ್ಟರೆ ಏನೂ ಬೆಳೆಯದ ದಿಬ್ಬ. ಯಾರೋ ಲೇಔಟ್ ಮಾಡುತ್ತೇವೆ ಅಂತ ಕಲ್ಲು ನೆಟ್ಟು ಬಿಟ್ಟು ಹೋಗಿದ್ದರು. ಅಲ್ಲಿ ತಗೋ ಅಂತ ಜಯಣ್ಣ ನನ್ನ ಬೆನ್ನು ಬಿದ್ದ. ದಿನಾ ಆ ದಿಬ್ಬದ ಹತ್ತಿರ ಬಂದಾಗ ಎಂಜಿನ್ ಬಾನೆಟ್ ಮೇಲೆ ಕೂತು, "ನೋಡು ಮಂಜ, ನಿನ್ನ ಮನೆ" ಅನ್ನುತ್ತಿದ್ದ. ಅಲ್ಲಿ ಒಂದು ಕಾಗೆಯೂ ಇರುತ್ತಿರಲಿಲ್ಲ.

ತಗೊಂಡೆ. ವಾರದ ರಜೆಯಲ್ಲಿ ನಾನೇ ಬಂಡೆ ಒಡೆದು ಪಾಯ ತೆಗೆದೆ, ಸರೋಜ ಮರಳು ಹೊತ್ತಳು. ಶೀಟಿನ ಮಾಡು, ಸಿಮೆಂಟು ನೆಲ, ಎರಡು ಕೋಣೆ. ಮುಂದೆ ಅಂಗಳ ಮಾತ್ರ ದೊಡ್ಡದಾಗಿ ಬಿಟ್ಟುಕೊಂಡೆ. ಗೃಹಪ್ರವೇಶದ ದಿನ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಅಂಗಿಯ ಗುಂಡಿ ಹಾಕಲಾಗುತ್ತಿರಲಿಲ್ಲ.

ಆದರೆ ಮನೆ ಆದಮೇಲೆ ಗೊತ್ತಾಯಿತು, ಮನೆ ಒಂದಿದ್ದರೆ ಊರಾಗುವುದಿಲ್ಲ. ನಾನು ಬೆಳಿಗ್ಗೆ ಹೋದರೆ ಸರೋಜ ಮತ್ತು ಕೂಸು ಇಬ್ಬರೇ. ನೀರಿಲ್ಲ. ಅಂಗಡಿ ಇಲ್ಲ. ಬಸ್ಸು ಹತ್ತಬೇಕೆಂದರೆ ಲಾರಿಗಳು ಹಾರುವ ರಸ್ತೆಯ ಅಂಚಿನಲ್ಲಿ ಕೂಸು ಎತ್ತಿಕೊಂಡು ನಿದಿಗೆಯವರೆಗೆ ನಡೆಯಬೇಕು. ಹೊತ್ತು ಇಳಿಯುತ್ತಿದ್ದ ಹಾಗೆ ಅವಳು ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಒಂದು ದಿನ ಅವಳು ನೇರವಾಗಿಯೇ ಹೇಳಿದಳು: "ನಾನು ಕೂಗಿದ್ರೆ ಕೇಳೋಕೆ ಇಲ್ಲಿ ಒಂದು ನಾಯಿನೂ ಇಲ್ಲ. ಯುಗಾದಿ ಆದ್ಮೇಲೆ ನಾನು ಆ ಒಂದೇ ಕೋಣೆ ಮನೆಗೇ ವಾಪಸ್ ಹೋಗ್ತೀನಿ. ನೀವು ನಿಮ್ಮ ಮನೇಲಿ ಇರಿ."

ನಿಮ್ಮ ಮನೆ ಅಂದಳು. ಅದು ನನಗೆ ಚುಚ್ಚಿತು. ಕೈಯಲ್ಲಿ ಬೊಬ್ಬೆ ಇನ್ನೂ ಆರಿರಲಿಲ್ಲ.

ಜಯಣ್ಣನ ಹತ್ತಿರ ಹೇಳಿಕೊಂಡೆ. ಮರುದಿನ ದಿಬ್ಬ ಹತ್ತಿರ ಬರುತ್ತಿದ್ದ ಹಾಗೆ ಸೀಟಿ ಊದಿದ. ನಾನು ಬ್ರೇಕ್ ಹಾಕಿದೆ. ಬಾಗಿಲಲ್ಲಿ ನೇತಾಡುತ್ತಾ ಅವನು ಕೂಗಿದ: "ಸರೋಜಮ್ಮ, ಸರೋಜಮ್ಮ, ಯಾರ್ರೀ ಸರೋಜಮ್ಮ ಇಳಿಯೋರು?"

ಬಸ್ಸಿನಲ್ಲಿದ್ದವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದರು. ಕಲ್ಲು, ಮುಳ್ಳು, ದೂರದಲ್ಲಿ ಒಂದು ಶೀಟಿನ ಮನೆ. ಯಾರೂ ಇಳಿಯಲಿಲ್ಲ. ರೈಟ್ ಅಂದ, ಹೊರಟೆವು. ವಾಪಸ್ ಬರುವಾಗ ಮತ್ತೆ ಅದೇ. ಹೋಗುವಾಗ ಬರುವಾಗ, ಪ್ರತಿ ಟ್ರಿಪ್ಪಿಗೂ. ಜಾಗಕ್ಕೆ ಹೆಸರು ಇಲ್ಲದಿದ್ದರೆ ಜನ ಹೇಗೆ ಬರುತ್ತಾರೆ ಮಾರಾಯ, ಟಿಕೆಟ್ ಎಲ್ಲಿಗೆ ಅಂತ ಕೇಳುತ್ತಾರೆ ಅಂದ. ನನಗೆ ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು. ಹೆಂಡತಿಯ ಹೆಸರನ್ನು ಇಡೀ ಬಸ್ಸಿಗೆ ಕೂಗುವುದೆಂದರೇನು. ಸರೋಜ ಮೊದಲು ಸಿಟ್ಟಾದಳು. ಆಮೇಲೆ ಬಸ್ಸಿನ ಹೊತ್ತಿಗೆ ಸರಿಯಾಗಿ ಅವಳು ಅಂಗಳ ಗುಡಿಸುವುದನ್ನು ನಾನು ಕಂಡೆ.

ಮೇಡಂ ಹೇಳಿದ ಸೋರುವ ಸೀಟಿನ ಮಾತನ್ನು ಅವನು ಮರೆತಿರಲಿಲ್ಲ. ಭದ್ರಾವತಿ ಸ್ಟ್ಯಾಂಡಿನ ನಲ್ಲಿಯಲ್ಲಿ ಕ್ಯಾನುಗಳಿಗೆ ನೀರು ತುಂಬಿಸಿ, ಹಿಂದಿನ ಸೀಟಿನ ಕೆಳಗೆ ತಳ್ಳಿ, ದಿನಾ ನಮ್ಮ ಮನೆಗೆ ಇಳಿಸುತ್ತಿದ್ದ. ಮೊದಲು ನೀರು, ಆಮೇಲೆ ಊರು ಅಂತಿದ್ದ.

ಆದರೆ ಪ್ರೈವೇಟ್ ಬಸ್ಸಿನ ಲೋಕ ಗೊತ್ತಿದ್ದವರಿಗೆ ಟೈಮಿಂಗ್ ಅಂದರೇನು ಅಂತ ಗೊತ್ತು. ಹಿಂದಿನ ಬಸ್ಸು ಬೆನ್ನಿಗೇ ಇರುತ್ತದೆ. ನಾವು ಖಾಲಿ ದಿಬ್ಬದಲ್ಲಿ ನಿಂತರೆ ಮುಂದಿನ ಸ್ಟಾಪಿಗೆ ತಡ, ತಡವಾದರೆ ಹಿಂದಿನವನ ಪ್ಯಾಸೆಂಜರು ನಮಗೆ ಹತ್ತುತ್ತಾರೆ, ಅಲ್ಲಿಗೆ ಜಗಳ. ಹಿಂದಿನ ಬಸ್ಸಿನವರು ಸ್ಟ್ಯಾಂಡಿನಲ್ಲಿ ನನ್ನ ಕಾಲರ್ ಹಿಡಿದರು. ದೂರು ನಮ್ಮ ಮಾಲೀಕರಿಗೂ ಹೋಯಿತು. ಅವರು ನಮ್ಮಿಬ್ಬರನ್ನೂ ಕರೆಸಿ, ಯಾರೂ ಹತ್ತದ ಇಳಿಯದ ಕಡೆ ಬಸ್ಸು ನಿಲ್ಲಿಸುವುದಕ್ಕೆ ಡೀಸೆಲ್ ಏನು ನಿಮ್ಮಪ್ಪ ಕೊಡುತ್ತಾನಾ ಅಂತ ಕೇಳಿದರು. ನಾಳೆಯಿಂದ ನಿಲ್ಲಿಸಿದರೆ ಇಬ್ಬರೂ ಮನೆಗೆ ಅಂದರು. ನಾನು ತಲೆ ತಗ್ಗಿಸಿದೆ. ಮನೆಯ ಸಾಲ ಇತ್ತು, ಕೆಲಸ ಹೋದರೆ ಎಲ್ಲವೂ ಹೋದ ಹಾಗೆ. ಇರಲಿ ಬಿಡು ಜಯಣ್ಣ, ಸರೋಜ ಭದ್ರಾವತಿಗೇ ವಾಪಸ್ ಹೋಗಲಿ ಅಂತ ಪಿಸುಗುಟ್ಟಿದೆ.

ಜಯಣ್ಣ ಬ್ಯಾಗನ್ನು ಹೆಗಲಿಂದ ತೆಗೆದು ಮಾಲೀಕರ ಮೇಜಿನ ಮೇಲೆ ಇಟ್ಟ. ಅವನ ದನಿ ಜೋರಾಗಿರಲಿಲ್ಲ.

"ಡ್ರೈವರ್‌ದೇನೂ ತಪ್ಪಿಲ್ಲ ಸಾರ್, ಸೀಟಿ ಊದೋನು ನಾನು. ಯುಗಾದಿವರೆಗೂ ಬಿಡಿ. ಅಷ್ಟರಲ್ಲಿ ಆ ಸ್ಟಾಪಲ್ಲಿ ಒಬ್ಬ ಹೊರಗಿನ ಪ್ಯಾಸೆಂಜರ್ ಹತ್ತದಿದ್ರೆ ಈ ಬ್ಯಾಗು ಇಲ್ಲೇ ಇಟ್ಟು ಹೋಗ್ತೀನಿ. ನೀವು ಹೇಳೋದೇ ಬೇಡ."

ಮಾಲೀಕರು ಬ್ಯಾಗು ನೋಡಿದರು, ಅವನ ಮುಖ ನೋಡಿದರು. ಅವನಷ್ಟು ಕಲೆಕ್ಷನ್ ತರುವ ಕಂಡಕ್ಟರ್ ಆ ಲೈನಿನಲ್ಲಿ ಬೇರೆ ಇರಲಿಲ್ಲ. ಯುಗಾದಿವರೆಗೆ, ಆಮೇಲೆ ಮಾತಿಲ್ಲ ಅಂದರು. ಹೊರಗೆ ಬಂದು ನಾನು ಬೈದೆ. ನನ್ನ ಮನೆಗೋಸ್ಕರ ನಿನ್ನ ಅನ್ನ ಯಾಕೆ ಪಣಕ್ಕಿಡುತ್ತೀಯ ಅಂದೆ. ಅವನಿಗೇ ಬಾಡಿಗೆ ಮನೆ. ತಂಗಿಯರ ಮದುವೆ ಮಾಡಿ ಮಾಡಿ ಕೈ ಖಾಲಿ ಮಾಡಿಕೊಂಡಿದ್ದ, ಮಕ್ಕಳಿರಲಿಲ್ಲ, ಹೆಂಡತಿ ಪಾರ್ವತಕ್ಕ ಬೀಡಿ ಕಟ್ಟುತ್ತಿದ್ದರು. ಅವನು ಅಂದದ್ದಿಷ್ಟೇ: "ನೀನು ಕಟ್ಟಿದೀಯ. ನಿಂದೊಂದು ನಿಂತ್ರೆ ಇನ್ನೊಂದು ಬರುತ್ತೆ."

ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಕಳೆಯಿತು. ಯಾರೂ ಬರಲಿಲ್ಲ. ಸ್ಟ್ಯಾಂಡಿನಲ್ಲಿ ಬೇರೆ ಬಸ್ಸಿನವರು ಅವನನ್ನು ಕಂಡರೆ, ಸರೋಜಮ್ಮನಿಗೆ ಒಂದು ಟಿಕೆಟ್ ಕೊಡಪ್ಪ ಅಂತ ಗೇಲಿ ಮಾಡುತ್ತಿದ್ದರು. ಸರೋಜ ಟ್ರಂಕು ಒರೆಸಿ ಇಟ್ಟಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ಭದ್ರಾವತಿಯಿಂದ ವಾಪಸ್ ಬರುವಾಗ ಜಯಣ್ಣ ಸೀಟಿ ಊದಿದ. ನಾನು ನಿಲ್ಲಿಸಿದೆ. ಕನ್ನಡಿಯಲ್ಲಿ ನೋಡಿದರೆ ಒಬ್ಬ ಹೆಂಗಸು ಇಳಿಯುತ್ತಿದ್ದಾಳೆ. ತಲೆಗೆ ಸ್ನಾನ ಮಾಡಿ, ಮಲ್ಲಿಗೆ ಮುಡಿದು, ಕೈಯಲ್ಲಿ ಹಣ್ಣುಕಾಯಿ ಬುಟ್ಟಿ. ಜಯಣ್ಣನೂ ಬಾಯಿ ತೆರೆದುಕೊಂಡು ನಿಂತಿದ್ದ.

ಮುಂದಿನದನ್ನು ಸರೋಜ ಹೇಳಿದ್ದು. ಆ ಹೆಂಗಸಿನ ಹೆಸರು ಸೆಲ್ವಿ. ಭದ್ರಾವತಿ ನ್ಯೂಟೌನ್ ಕಡೆಯವಳು, ಮನೆಮಾತು ತಮಿಳು. ಬಾಡಿಗೆ ಮನೆ ಬಿಡಿ ಅಂತ ಮಾಲೀಕ ಗಡುವು ಕೊಟ್ಟಿದ್ದನಂತೆ. ದಿನಾ ಬಸ್ಸಿನಲ್ಲಿ ಓಡಾಡುವಾಗ ಸರೋಜಮ್ಮ ಸರೋಜಮ್ಮ ಅಂತ ಕೂಗುವುದನ್ನು ಕೇಳಿ, ದಾರಿಯಲ್ಲಿ ಚೌಡಮ್ಮ ಮಾರಮ್ಮ ಇರುವ ಹಾಗೆ ಇದೂ ಯಾವುದೋ ಹೊಸ ಅಮ್ಮನ ಗುಡಿ ಅಂದುಕೊಂಡಿದ್ದಳು. ಇಷ್ಟು ಕಲ್ಲಿನ ಮಧ್ಯೆ ಬಸ್ಸು ನಿಲ್ಲುತ್ತದೆ ಅಂದರೆ ಶಕ್ತಿ ಇರಲೇಬೇಕು ಅಂತ ಅವಳ ಲೆಕ್ಕ. ಮನೆ ಸಿಗಲಿ ಅಂತ ಹರಕೆ ಹೊತ್ತು ಬಂದಿದ್ದಳು.

ಅಂಗಳ ಗುಡಿಸುತ್ತಿದ್ದ ಸರೋಜಳನ್ನು ಅವಳು ಕೇಳಿದಳು: "ಅಕ್ಕಾ, ಸರೋಜಮ್ಮನ್ ಗುಡಿ ಎಲ್ಲಿದೆ?"

"ಗುಡಿ ಇಲ್ಲ. ಸರೋಜಮ್ಮ ನಾನೇ."

ಸೆಲ್ವಿ ಬುಟ್ಟಿ ಹಿಡಿದುಕೊಂಡು ನಿಂತಲ್ಲೇ ನಿಂತಳಂತೆ. ಆಮೇಲೆ ಇಬ್ಬರೂ ನಕ್ಕು ನಕ್ಕು ಕಲ್ಲಿನ ಮೇಲೆ ಕೂತರು. ಸರೋಜ ಮಜ್ಜಿಗೆ ಕೊಟ್ಟಳು. ಆ ಮನೆಗೆ ಬಂದಮೇಲೆ ಅವಳು ಅಷ್ಟು ಹೊತ್ತು ಯಾರೊಡನೆಯೂ ಮಾತಾಡಿರಲಿಲ್ಲ. ಕಾಯಿ ಒಡೆದು ಚಟ್ನಿ ಮಾಡಿ ಇಬ್ಬರೂ ಊಟ ಮಾಡಿದರು. ಪಕ್ಕದ ಸೈಟು ಯಾರದು ಅಂತ ಸೆಲ್ವಿ ಕೇಳಿದಳು.

ಮಧ್ಯಾಹ್ನದ ಟ್ರಿಪ್ಪಿನಲ್ಲಿ ಆ ದಿಬ್ಬದಲ್ಲಿ ಒಬ್ಬಳು ಕೈ ಅಡ್ಡ ಹಾಕಿ ಬಸ್ಸು ನಿಲ್ಲಿಸಿದಳು. ಜಯಣ್ಣ ಇಳಿದು, ಅವಳ ಬುಟ್ಟಿ ತಾನೇ ತೆಗೆದುಕೊಂಡು ಹತ್ತಿಸಿದ. ಟಿಕೆಟನ್ನು ಹರಿದು ಎರಡೂ ಕೈಯಲ್ಲಿ ಕೊಟ್ಟ. ಅವತ್ತು ಭದ್ರಾವತಿ ಬರುವವರೆಗೆ ಅವನು ಒಂದು ಮಾತೂ ಆಡಲಿಲ್ಲ. ಅವನ ಬಾಯಿ ಮುಚ್ಚಿಸುವುದು ಮೇಡಂ ಬಿಟ್ಟರೆ ಆ ಟಿಕೆಟ್ಟಿಗೆ ಮಾತ್ರ ಸಾಧ್ಯವಾಯಿತು.

ಯುಗಾದಿಗೆ ಸರೋಜ ಟ್ರಂಕು ತೆಗೆದದ್ದು ಹೊಸ ಸೀರೆ ಉಡುವುದಕ್ಕೆ. ಸೆಲ್ವಿಯ ಗಂಡ ಪಕ್ಕದಲ್ಲಿ ಪಾಯ ತೋಡಿದ, ನಾನೂ ಹಾರೆ ಹಿಡಿದೆ. ಅವರ ಹಿಂದೆ ಅವರ ನೆಂಟರು, ಆಮೇಲೆ ಬಸ್ಸಿನಲ್ಲಿ ಜಯಣ್ಣನ ಭಾಷಣ ಕೇಳಿ ಕೇಳಿ ಸೋತವರು. ಬೋರ್‌ವೆಲ್ ಬಂತು, ಕರೆಂಟು ಕಂಬ ಬಂತು, ಪಂಚಾಯಿತಿ ನಲ್ಲಿ ಬಂತು. ಈಗ ಅಲ್ಲಿ ಬೀದಿಗಳಿವೆ, ಬೇಕರಿ ಇದೆ, ಮಹಡಿ ಮನೆಗಳಿವೆ. ಬೇರೆ ಬೇರೆ ಭಾಷೆಯ ಜನ ಒಂದೇ ನಲ್ಲಿಯ ಮುಂದೆ ಜಗಳ ಆಡುತ್ತಾರೆ. ಸರ್ಕಾರಿ ಬಸ್ಸಿನವರೂ ಸರೋಜಮ್ಮ ಅಂತ ಕೂಗಿ ನಿಲ್ಲಿಸುತ್ತಾರೆ. ಕೊರಿಯರ್ ಹುಡುಗರ ಫೋನಿನ ಮ್ಯಾಪಿನಲ್ಲೂ ಅದೇ ಹೆಸರು. ನಾನು ಓದಿದವನಲ್ಲ, ಆದರೆ ನನ್ನ ಹೆಂಡತಿಯ ಹೆಸರು ಊರಿನ ಹೆಸರಾಗಿದೆ. ಎಷ್ಟು ಜನ ಹೇಳಿಕೊಳ್ಳಬಹುದು ಇದನ್ನು.

ಇದರಲ್ಲಿ ಒಂದೇ ಒಂದು ತಮಾಷೆಯಲ್ಲದ ಸಂಗತಿ. ಜಯಣ್ಣನ ಕೈಯಲ್ಲಿ ನಾಲ್ಕು ಕಾಸು ಕೂಡುವ ಹೊತ್ತಿಗೆ ಅಲ್ಲಿಯ ಸೈಟಿನ ಬೆಲೆ ಅವನ ಕೈಗೆ ಸಿಗದಷ್ಟು ಮೇಲೆ ಹೋಗಿತ್ತು. ಕೂಗಿ ಕೂಗಿ ಏರಿಸಿದವನು ಅವನೇ. ನಮ್ಮ ಹಿತ್ತಲ ಭಾಗದಲ್ಲಿ ಒಂದು ಕೋಣೆ ಹಾಕಿಕೋ ಅಂತ ನಾನೂ ಸರೋಜಳೂ ಹಿಂದೆ ಬಿದ್ದೆವು. ಒಪ್ಪಲಿಲ್ಲ. ಬ್ಯಾಗು ತಟ್ಟಿ, ನನಗೆ ದಿನಾ ಓಡಾಡೋ ಮನೆ ಇದೆಯಲ್ಲ ಮಾರಾಯ ಅಂತಿದ್ದ. ಭದ್ರಾವತಿಯಲ್ಲಿ ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಸಾಮಾನು ಸಾಗಿಸುತ್ತಲೇ ಇದ್ದ.

ಹೋದ ವರ್ಷ ಅವನಿಗೆ ಎದೆನೋವು ಬಂತು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ನಾನೂ ಸರೋಜಳೂ ಬೆಳಿಗ್ಗೆ ಇಡ್ಲಿ ತೆಗೆದುಕೊಂಡು ಹೋಗುವಷ್ಟರಲ್ಲಿ ಮುಗಿದುಹೋಗಿತ್ತು. ಪಾರ್ವತಕ್ಕ ಹೊರಗೆ ಬೆಂಚಿನ ಮೇಲೆ ಅವನ ಕನ್ನಡಕ ಹಿಡಿದುಕೊಂಡು ಕೂತಿದ್ದರು. ಅಳುತ್ತಿರಲಿಲ್ಲ. ಅವರ ಚಿಂತೆಯೇ ಬೇರೆ ಇತ್ತು. ಮನೆಯ ಮಾಲೀಕರಿಗೆ ಫೋನು ಮಾಡಿದ್ದರಂತೆ. ನಮ್ಮ ಕಡೆ ಬಾಡಿಗೆ ಮನೆಗೆ ಹೆಣ ತರಲು ಬಿಡುವುದಿಲ್ಲ, ಎಲ್ಲರಿಗೂ ಗೊತ್ತಿರುವ ಪದ್ಧತಿ. ಆಮೇಲೆ ಆ ಮನೆಗೆ ಬೇರೆ ಯಾರೂ ಬರುವುದಿಲ್ಲ ಅಂತ ಭಯ. ಆ ಮಾಲೀಕರೂ ಕೆಟ್ಟವರಲ್ಲ. ತಪ್ಪು ತಿಳೀಬೇಡಮ್ಮ, ಆಸ್ಪತ್ರೆಯಿಂದಲೇ ಕೊಂಡುಹೋಗಿಬಿಡಿ ಅಂತ ಮೆತ್ತಗೆ ಹೇಳಿದರಂತೆ.

ನಾನು ನೇರ ಸ್ಮಶಾನಕ್ಕೇ ತೆಗೆದುಕೊಂಡು ಹೋಗುವ ಏರ್ಪಾಟಿಗೆ ಯಾರಿಗೆ ಫೋನು ಮಾಡಲಿ ಅಂತ ಯೋಚಿಸುತ್ತಿದ್ದೆ. ಸರೋಜ ಪಾರ್ವತಕ್ಕನ ಕೈಯಿಂದ ಕನ್ನಡಕ ತೆಗೆದುಕೊಂಡು ಸೆರಗಿನಲ್ಲಿ ಒರೆಸಿದಳು.

"ಎದ್ದೇಳಿ ಪಾರ್ವತಕ್ಕ, ಮನೆಗೆ ಹೋಗೋಣ."

"ಯಾರ ಮನೆಗೆ ಸರೋಜ?"

"ನಮ್ಮನೆಗೆ. ಜಯಣ್ಣನ್ನ ಕರ್ಕೊಂಡು."

ಅಂಗಳದಲ್ಲಿ ಚಾಪೆ ಹಾಸಿ ಮಲಗಿಸಿದೆವು. ಸೆಲ್ವಿ ದೀಪ ಹಚ್ಚಿಟ್ಟು ತಲೆಯ ಹತ್ತಿರ ಕೂತಳು. ಬೀದಿ ಬೀದಿಯಿಂದ ಜನ ಬಂದರು, ಬೇಕರಿ ಬಾಗಿಲು ಹಾಕಿತು. ಮೇಡಂ ಬಂದು ಎಷ್ಟೋ ಹೊತ್ತು ಕಾಂಪೌಂಡಿಗೆ ಒರಗಿ ನಿಂತಿದ್ದರು. ಹಿಂದೆ ನನ್ನ ಕಾಲರ್ ಹಿಡಿದಿದ್ದ ಡ್ರೈವರ್ ಬಸ್ಸನ್ನು ರಸ್ತೆಯ ಪಕ್ಕಕ್ಕೆ ಹಾಕಿ, ಪ್ಯಾಸೆಂಜರುಗಳಿಗೆ ಹೇಳಿ, ಅವರಲ್ಲೂ ಕೆಲವರನ್ನು ಕರೆದುಕೊಂಡು ಬಂದ. ಭದ್ರಾವತಿಯಿಂದ ಆ ಮನೆ ಮಾಲೀಕರೂ ಬಂದರು. ಗೇಟಿನ ಹೊರಗೇ ನಿಂತಿದ್ದವರನ್ನು ಸರೋಜ ಒಳಗೆ ಕರೆದು ಕುರ್ಚಿ ಕೊಟ್ಟಳು. ಅಷ್ಟು ಜನ ನಮ್ಮ ಗೃಹಪ್ರವೇಶಕ್ಕೂ ಬಂದಿರಲಿಲ್ಲ.

ಪಾರ್ವತಕ್ಕ ಈಗ ನಾವು ಹಿತ್ತಲಲ್ಲಿ ಹಾಕಿಸಿದ ಕೋಣೆಯಲ್ಲಿ ಇದ್ದಾರೆ. ಅವರೂ ಸರೋಜಳೂ ಟೀವಿಯ ವಿಷಯಕ್ಕೆ ಜಗಳ ಆಡುತ್ತಾರೆ.

ಮೊನ್ನೆ ಹಿಂದಿನ ಬೀದಿಯಲ್ಲಿ ಬಾಡಿಗೆಗಿರುವ ಟೈಲರನ ತಾಯಿ ತೀರಿಕೊಂಡರು. ಅವನು ಬಂದು ನಮ್ಮ ಗೇಟಿನ ಹೊರಗೆ ತಲೆ ತಗ್ಗಿಸಿ ನಿಂತ. ಅವನ ಮನೆಯ ಮಾಲೀಕರೂ ಹೆಣ ಒಳಗೆ ತರಬೇಡಿ ಅಂದಿದ್ದರಂತೆ. ಒಂದು ಕಾಲದಲ್ಲಿ ಹೊತ್ತು ಇಳಿದರೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದ ನನ್ನ ಹೆಂಡತಿ ಅವನು ಕೇಳುವವರೆಗೆ ಕಾಯಲಿಲ್ಲ. ಅಂಗಳದಲ್ಲಿದ್ದ ನನ್ನ ಬೈಕನ್ನು ತಾನೇ ತಳ್ಳಿ ಗೋಡೆಗೆ ಒರಗಿಸಿ, ಗೇಟಿನ ಎರಡೂ ಬಾಗಿಲು ತೆಗೆದಳು.